ಜಂಘಾಬಲ: ಹಾಸನ ಸೀಮೆಯ ಆಕರಗಳಲ್ಲಿ ಮುಪ್ಪು, ನಿಶ್ಚಲತೆ ಮತ್ತು ಸ್ನಾಯು

೧

ಮನುಷ್ಯನಿಗೆ ಮುಪ್ಪು ಬಂದಿತೆಂದು ನಿರ್ಣಯಿಸುವುದಕ್ಕೆ ಬೇರೆ ಬೇರೆ ಅಳತೆಗೋಲುಗಳಿವೆ. ಸರ್ಕಾರದ ಕಾಗದಪತ್ರಗಳು ವರ್ಷಗಳನ್ನು ಲೆಕ್ಕ ಹಾಕುತ್ತವೆ. ಕವಿಗಳು ನರೆಗೂದಲನ್ನು ನೋಡುತ್ತಾರೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದಲ್ಲಿ ಶತಮಾನಗಳ ಕಾಲ ಮಾನ್ಯವಾಗಿದ್ದ ಜೈನ ಆಚಾರಗ್ರಂಥಗಳು ಇವೆರಡನ್ನೂ ಮುಖ್ಯವೆಂದು ಭಾವಿಸದೆ ಮನುಷ್ಯನ ಕಾಲನ್ನು ನೋಡಿದುವು. ಮುನಿಯು ನಿಲ್ಲಬಲ್ಲನೆ? ನಡೆಯಬಲ್ಲನೆ? ಈ ಶಕ್ತಿಗೆ ಅವು ಕೊಟ್ಟ ಹೆಸರು ಜಂಘಾಬಲ. ಜಂಘೆಯೆಂದರೆ ಮೊಣಕಾಲಿನಿಂದ ಹರಡಿನವರೆಗಿನ ಭಾಗ. ಮೀನಖಂಡವೂ ಅದನ್ನು ಹಿಮ್ಮಡಿಯ ಎಲುಬಿಗೆ ಬಿಗಿಯುವ ದಪ್ಪ ರಜ್ಜುವೂ ಇರುವುದು ಅಲ್ಲಿಯೇ.

ಈ ರಜ್ಜುವಿಗೆ ಇಂದಿನ ಶರೀರಶಾಸ್ತ್ರದಲ್ಲಿ ಸ್ನಾಯುರಜ್ಜು ಎಂದು ಹೆಸರು. ವಯಸ್ಸಿನಿಂದ ಅದರ ರಚನೆಯಲ್ಲಿ ಏನು ವ್ಯತ್ಯಾಸವಾಗುತ್ತದೆ, ಚಲನೆಯಿಲ್ಲದೆ ಇದ್ದರೆ ಏನು ವ್ಯತ್ಯಾಸವಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ವಿಜ್ಞಾನವು ಬೇರೆ ಬೇರೆಯಾಗಿ ಕೇಳಲು ತೊಡಗಿ ಬಹಳ ಕಾಲವಾಗಿಲ್ಲ. ನಮ್ಮ ಹಿಂದಿನ ಆಕರಗಳು ಈ ವಿಷಯವಾಗಿ ಏನನ್ನು ಕಂಡಿದ್ದುವು, ಏನನ್ನು ಕಾಣಲಿಲ್ಲ, ಅವುಗಳನ್ನು ಓದುವಾಗ ನಾವು ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ವೈದ್ಯದ್ದಾದರೂ ಮಾರ್ಗವು ಇತಿಹಾಸದ್ದು. ಕೊನೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಇಂದಿನ ಮನೆಗಳಿಗೂ ಈ ವಿಚಾರಕ್ಕೂ ಇರುವ ಸಂಬಂಧವನ್ನು ಸೂಚಿಸಲಾಗುವುದು.

೨

ಮೊದಲು ಪದಗಳ ವಿಚಾರ. ಸ್ನಾಯು ಎಂಬ ಶಬ್ದದ ಅರ್ಥವು ಕನ್ನಡದಲ್ಲಿ ಬದಲಾಗಿದೆಯೆಂಬುದನ್ನು ನೆನಪಿನಲ್ಲಿಡದೆ ಹಳೆಯ ಗ್ರಂಥಗಳನ್ನು ಓದಿದರೆ ಅರ್ಥವು ಅನರ್ಥವಾಗುವುದು ನಿಶ್ಚಯ. ಇಂದು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸ್ನಾಯುವೆಂದರೆ ಕುಗ್ಗಿ ಹಿಗ್ಗುವ ಮಾಂಸಖಂಡ. ಸುಶ್ರುತಸಂಹಿತೆಯಲ್ಲಿ ಹಾಗಲ್ಲ. ಅಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು, ಪೇಶಿಗಳು ೫೦೦. ಸ್ನಾಯುಗಳನ್ನು ಬೇರೆಯಾಗಿ ಎಣಿಸಿ ೯೦೦ ಎಂದು ಹೇಳಿದೆ: ಕೈಕಾಲುಗಳಲ್ಲಿ ೬೦೦, ಮುಂಡದಲ್ಲಿ ೨೩೦, ಕುತ್ತಿಗೆ ಮತ್ತು ಅದರ ಮೇಲ್ಭಾಗದಲ್ಲಿ ೭೦. ಇವುಗಳಲ್ಲಿ ನಾಲ್ಕು ಬಗೆ. ಕವಲೊಡೆದು ಹರಡುವವು, ದುಂಡಾದವು, ಅಗಲವಾದವು, ಟೊಳ್ಳಾದವು. ದುಂಡಾದ ಸ್ನಾಯುಗಳನ್ನು ಬಲ್ಲವರು ಕಂಡರವೆನ್ನುತ್ತಾರೆಂದು ಗ್ರಂಥಕಾರನೇ ಸ್ಪಷ್ಟಪಡಿಸುತ್ತಾನೆ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಪ್ರಾಚೀನರಲ್ಲಿ ಅತ್ಯಂತ ಸಮೀಪವಾದ ಪದವು ಇದೇ. ಗೃಧ್ರಸಿಯೆಂಬ ವಾತರೋಗವನ್ನು ವರ್ಣಿಸುವಾಗ ಹಿಮ್ಮಡಿಯ ಮತ್ತು ಕಾಲ್ಬೆರಳುಗಳ ಕಂಡರಗಳು ಪೀಡಿತವಾಗುವುದನ್ನು ಅವನು ಹೇಳಿರುವುದೂ ಇಲ್ಲಿ ಗಮನಾರ್ಹ.

ಸ್ನಾಯುವಿನ ಕಾರ್ಯವನ್ನು ತಿಳಿಸಲು ಸುಶ್ರುತನು ದೋಣಿಯ ಹೋಲಿಕೆಯನ್ನು ಕೊಟ್ಟಿದ್ದಾನೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದಾಗ ದೋಣಿಯು ನೀರಿನ ಮೇಲೆ ಭಾರವನ್ನು ಹೊರಲು ಸಮರ್ಥವಾಗುವಂತೆ, ಸಂಧಿಗಳನ್ನು ಸ್ನಾಯುಗಳು ಬಿಗಿದಿರುವುದರಿಂದ ಮನುಷ್ಯನು ಭಾರವನ್ನು ಹೊರುತ್ತಾನೆಂದು ಅದರ ತಾತ್ಪರ್ಯ. ಎಲುಬು, ಪೇಶಿ, ಸಿರೆ, ಸಂಧಿ ಇವುಗಳ ಕೇಡಿಗಿಂತಲೂ ಸ್ನಾಯುವಿನ ಕೇಡು ದೊಡ್ಡದೆಂಬುದು ಅವನ ಅಭಿಪ್ರಾಯ. ಇಲ್ಲಿ ಸ್ನಾಯುವೆಂದು ಇರುವಲ್ಲಿ ಇಂದಿನ ಅರ್ಥವನ್ನು ಹಚ್ಚಿ ಮಾಂಸಖಂಡವೆಂದು ಅನುವಾದ ಮಾಡಿದರೆ ದೋಣಿಯ ಹೋಲಿಕೆಯೇ ನಿಷ್ಪ್ರಯೋಜಕವಾಗುತ್ತದೆ. ಹಗ್ಗವು ಕಟ್ಟುವ ವಸ್ತು. ಮಾಂಸಖಂಡವು ಎಳೆಯುವ ವಸ್ತು.

ಅಚ್ಚಗನ್ನಡದ ಮಾತು ನರ. ತಮಿಳಿನ ನರಂಬು, ಮಲೆಯಾಳದ ಞರಂಬು, ತೆಲುಗಿನ ನರಮು ಇದರ ಬಂಧುಗಳು. ನಮ್ಮ ಹಳ್ಳಿಗಳಲ್ಲಿ ನರ ಎಳೆಯುತ್ತದೆ, ನರ ಹಿಡಿದುಕೊಂಡಿದೆ ಎಂದು ಹೇಳುವಾಗ ಅದು ರಕ್ತನಾಳವೋ, ಮಿದುಳಿನಿಂದ ಹೊರಟ ತಂತುವೋ, ಸ್ನಾಯುರಜ್ಜುವೋ ಎಂಬ ಭೇದವನ್ನು ಮಾಡುವುದಿಲ್ಲ. ಇದನ್ನು ಅಜ್ಞಾನವೆಂದು ಹಳಿಯುವುದು ಸಲ್ಲದು. ಪ್ರಾಚೀನ ಗ್ರೀಕರ ನ್ಯೂರಾನ್ ಎಂಬ ಮಾತು ಕೂಡ ಮೊದಲು ರಜ್ಜುವನ್ನೂ ಬಿಲ್ಲಿನ ಹೆದೆಯನ್ನೂ ಸೂಚಿಸುತ್ತಿದ್ದು, ಅನಂತರ ಸಂವೇದನೆಯ ತಂತುವಿಗೆ ಮೀಸಲಾಯಿತು. ಸಂಸ್ಕೃತದ ಸ್ನಾಯುವಿಗೂ ಹೆದೆಯೆಂಬ ಅರ್ಥವಿದೆ. ಯೂರೋಪಿನಲ್ಲಿ ಹಿಮ್ಮಡಿಯ ರಜ್ಜುವಿಗೆ ಗ್ರೀಕ್ ವೀರ ಅಕಿಲೀಸನ ಹೆಸರು ಶರೀರಶಾಸ್ತ್ರದ ಗ್ರಂಥದಲ್ಲಿ ಬಂದುದು ೧೬೯೩ರಲ್ಲಿ, ಫಿಲಿಪ್ ವರ್ಹೇಯನ್ ಎಂಬ ಪಂಡಿತನಿಂದ.

ಹಾಸನ ನಗರದಲ್ಲಿ ೧೯೯೨ರಲ್ಲಿ ಆರಂಭವಾದ ಆಯುರ್ವೇದ ಮಹಾವಿದ್ಯಾಲಯವೂ ೨೦೦೬ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇವೆ. ಸುಶ್ರುತನನ್ನು ಓದುವ ವಿದ್ಯಾರ್ಥಿಗೆ ಸ್ನಾಯುವೆಂದರೆ ಕಟ್ಟು. ಅದೇ ಊರಿನ ವ್ಯಾಯಾಮಶಾಲೆಗೆ ಹೋಗುವ ಹುಡುಗನಿಗೆ ಸ್ನಾಯುವೆಂದರೆ ಉಬ್ಬಿದ ತೋಳು. ಒಂದೇ ನಗರದಲ್ಲಿ ಒಂದೇ ಪದವು ಎರಡು ವಸ್ತುಗಳನ್ನು ಹೇಳುತ್ತಿರುವಾಗ, ಸಾವಿರ ವರ್ಷದ ಹಿಂದಿನ ಗ್ರಂಥವನ್ನು ಓದುವವನು ಎಷ್ಟು ಎಚ್ಚರದಿಂದಿರಬೇಕೆಂಬುದು ಸ್ವಯಂವೇದ್ಯ.

೩

ಇನ್ನು ಶ್ರವಣಬೆಳಗೊಳದ ಆಕರಗಳಿಗೆ ಬರೋಣ. ಗಂಗರ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಸುಮಾರು ೯೮೧ರಲ್ಲಿ ವಿಂಧ್ಯಗಿರಿಯ ಮೇಲೆ ಸುಮಾರು ೫೮ ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದುದು ಸರ್ವವಿದಿತ. ಬಾಹುಬಲಿಯು ಒಂದು ವರ್ಷ ಕಾಲ ಅಲುಗದೆ ಕಾಯೋತ್ಸರ್ಗದಲ್ಲಿ ನಿಂತನೆಂಬುದು ಪುರಾಣದ ಕಥೆ. ನಿಶ್ಚಲತೆಯನ್ನು ತೋರಿಸಲು ಶಿಲ್ಪಿಯು ಕಾಲಿನ ಬಳಿ ಹುತ್ತವನ್ನೂ ಹಾವುಗಳನ್ನೂ, ತೊಡೆ ತೋಳುಗಳ ಮೇಲೆ ಹಬ್ಬಿದ ಬಳ್ಳಿಯನ್ನೂ ಕಡೆದಿದ್ದಾನೆ. ಆದರೆ ಆ ಕಾಲುಗಳಲ್ಲಿ ಎಲ್ಲಿಯೂ ಒಂದು ನರವಾಗಲಿ ರಜ್ಜುವಾಗಲಿ ಎದ್ದು ಕಾಣುವುದಿಲ್ಲ. ಶ್ರಮದ ಗುರುತನ್ನು ದೇಹದ ಮೇಲೆ ತೋರಿಸದಿರುವುದು ಭಾರತೀಯ ಮೂರ್ತಿಶಿಲ್ಪದ ಸಾಮಾನ್ಯ ಪದ್ಧತಿ.

ಒಂದು ವರ್ಷ ಹೀಗೆ ನಿಲ್ಲುವುದು ದೇಹಕ್ಕೆ ಹೇಗೆ ಸಾಧ್ಯವೆಂಬ ಪ್ರಶ್ನೆ ನಮಗೆ ಮಾತ್ರವೇ ಹುಟ್ಟಿದುದಲ್ಲ. ಜೈನ ಶಾಸ್ತ್ರಕಾರರು ಅದಕ್ಕೆ ಒಂದು ಸಿದ್ಧಾಂತವನ್ನೇ ರೂಪಿಸಿದ್ದರು. ನಾಮಕರ್ಮದ ಭೇದಗಳಲ್ಲಿ ಸಂಹನನವೆಂಬುದು ಒಂದು; ಎಲುಬುಗಳ ಬಂಧನದ ಬಗೆಯೇ ಸಂಹನನ. ದಿಗಂಬರ ಸಂಪ್ರದಾಯದಂತೆ ಅದರಲ್ಲಿ ಆರು ವಿಧ: ವಜ್ರವೃಷಭನಾರಾಚ, ವಜ್ರನಾರಾಚ, ನಾರಾಚ, ಅರ್ಧನಾರಾಚ, ಕೀಲಿತ ಮತ್ತು ಅಸಂಪ್ರಾಪ್ತಸೃಪಾಟಿಕಾ. ಮೊದಲನೆಯದರಲ್ಲಿ ಎಲುಬು, ಕಟ್ಟು, ಕೀಲು ಎಲ್ಲವೂ ವಜ್ರದಂತೆ ಅಭೇದ್ಯ. ಕೊನೆಯದರಲ್ಲಿ ಎಲುಬುಗಳು ಒಂದರೊಡನೊಂದು ಕೂಡಿಕೊಂಡಿರದೆ ಹೊರಗಿನಿಂದ ಸಿರೆ, ಸ್ನಾಯು, ಮಾಂಸಗಳಿಂದ ಹಿಡಿದಿಡಲ್ಪಟ್ಟಿರುತ್ತವೆ. ಅಕಲಂಕನ ರಾಜವಾರ್ತಿಕದಲ್ಲಿ ಈ ವಿವರಣೆಯಿದೆ. ಉತ್ತಮ ಸಂಹನನವುಳ್ಳವನಿಗೇ ಧ್ಯಾನವು ಸಿದ್ಧಿಸುವುದೆಂದು ತತ್ತ್ವಾರ್ಥಸೂತ್ರವು ವಿಧಿಸಿದೆ. ಮನಸ್ಸಿನ ಏಕಾಗ್ರತೆಗೆ ದೇಹದ ಕಟ್ಟು ಆಧಾರವೆಂಬ ಈ ಮಾತು ವಿಚಾರಾರ್ಹವಾದುದು.

ಚಾವುಂಡರಾಯನ ಕಾಲದವನೇ ಆದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರದ ಕರ್ಮಕಾಂಡದಲ್ಲಿ ಸಂಹನನದ ವಿಚಾರ ಬಂದಿದೆ. ೧೩೫೯ರಲ್ಲಿ ಕೇಶವವರ್ಣಿಯು ಗೊಮ್ಮಟಸಾರಕ್ಕೆ ಜೀವತತ್ತ್ವಪ್ರದೀಪಿಕೆಯೆಂಬ ಕನ್ನಡ ವೃತ್ತಿಯನ್ನು ಬರೆದನು. ಹೀಗೆ ದೇಹದ ಕಟ್ಟಿನ ವಿಚಾರವು ನಮ್ಮ ಭಾಷೆಯ ಶಾಸ್ತ್ರಗದ್ಯದಲ್ಲಿಯೂ ಸ್ಥಾನ ಪಡೆಯಿತು.

ಸಂಹನನ ಸಿದ್ಧಾಂತದಲ್ಲಿ ಎರಡು ಅಂಶಗಳನ್ನು ಗುರುತಿಸಬೇಕು. ಮೊದಲನೆಯದು, ಅದು ಹುಟ್ಟಿನಿಂದ ಬಂದುದು. ಮನುಷ್ಯನ ದುಡಿಮೆಯಿಂದ ಬದಲಾಗತಕ್ಕದ್ದಲ್ಲ. ಎರಡನೆಯದು, ಯುಗವು ಇಳಿದಂತೆ ಶ್ರೇಷ್ಠ ಸಂಹನನಗಳು ಲೋಪವಾಗಿ ಕೀಳಾದವು ಮಾತ್ರ ಉಳಿಯುತ್ತವೆ. ಎಂದರೆ ಇಲ್ಲಿ ಮುಪ್ಪು ಬರುವುದು ಕಾಲಮಾನಕ್ಕೆ, ವ್ಯಕ್ತಿಗಲ್ಲ. ಇದನ್ನು ಆಧುನಿಕ ವಿಜ್ಞಾನದ ಮುನ್ಸೂಚನೆಯೆಂದು ಹೊಗಳಲು ಹೊರಡುವುದು ಆಕರಕ್ಕೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಸಂಹನನವು ಕರ್ಮಸಿದ್ಧಾಂತದ ಒಂದು ಅಂಗ, ಛೇದನದಿಂದ ಕಂಡುಕೊಂಡ ಶರೀರರಚನೆಯಲ್ಲ.

೪

ವ್ಯಕ್ತಿಯ ಮುಪ್ಪಿನ ವಿಚಾರಕ್ಕೆ ನಾವು ಆಚಾರಗ್ರಂಥಗಳನ್ನು ನೋಡಬೇಕು. ವಟ್ಟಕೇರನ ಮೂಲಾಚಾರವು ಮುನಿಗೆ ೨೮ ಮೂಲಗುಣಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಸ್ಥಿತಿಭೋಜನ. ಮುನಿಯು ಗೋಡೆಗೆ ಒರಗದೆ, ಪಾದಗಳನ್ನು ಸಮವಾಗಿ ಊರಿ, ನಿಂತುಕೊಂಡೇ ಬೊಗಸೆಯಲ್ಲಿ ಆಹಾರವನ್ನು ಸ್ವೀಕರಿಸತಕ್ಕದ್ದು. ಕೈಕಾಲುಗಳು ನಡೆಯುವವರೆಗೆ ಮಾತ್ರ ಆಹಾರವು ಯೋಗ್ಯ, ಬಳಿಕ ಅದನ್ನು ಬಿಡುವುದೇ ಯೋಗ್ಯವೆಂಬ ಪ್ರತಿಜ್ಞೆ ಈ ನಿಯಮದ ಹಿಂದಿದೆಯೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಶಿವಾರ್ಯನ ಭಗವತೀ ಆರಾಧನೆಯು ಆಹಾರತ್ಯಾಗದಿಂದ ಮರಣವನ್ನು ಸ್ವೀಕರಿಸಲು ಯಾರು ಅರ್ಹರೆಂಬುದನ್ನು ಪಟ್ಟಿ ಮಾಡಿದೆ. ವಾಸಿಯಾಗದ ರೋಗ, ಮುನಿಧರ್ಮಕ್ಕೆ ಕುಂದು ತರುವ ಮುಪ್ಪು, ದುರ್ಭಿಕ್ಷ, ಕಣ್ಣು ಕಿವಿಗಳ ದೌರ್ಬಲ್ಯ ಇವುಗಳ ಜೊತೆಯಲ್ಲಿ ಜಂಘಾಬಲವು ಕುಂದಿ ವಿಹಾರ ಮಾಡಲಾರದ ಸ್ಥಿತಿಯೂ ಅಲ್ಲಿ ಬಂದಿದೆ. ಕನ್ನಡ ಗದ್ಯದ ಅಮೂಲ್ಯ ಕೃತಿಯಾದ ವಡ್ಡಾರಾಧನೆಯ ೧೯ ಕಥೆಗಳಿಗೆ ಈ ಆರಾಧನಾ ಸಂಪ್ರದಾಯವೇ ಮೂಲವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು.

ಈ ಎರಡು ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಸರೆಯಿಲ್ಲದೆ ನಿಲ್ಲುವುದು ನೋಡುವುದಕ್ಕೆ ಸುಲಭವಾದ ಕೆಲಸ. ವಾಸ್ತವವಾಗಿ ನಿಂತ ದೇಹವು ಕ್ಷಣಕ್ಷಣಕ್ಕೂ ಮುಂದಕ್ಕೆ ಬಾಗುತ್ತಿರುತ್ತದೆ. ಮೀನಖಂಡವು ಹಿಮ್ಮಡಿಯ ರಜ್ಜುವಿನ ಮೂಲಕ ಅದನ್ನು ಹಿಂದಕ್ಕೆ ಎಳೆದು ನಿಲ್ಲಿಸುತ್ತಿರುತ್ತದೆ. ರಜ್ಜು ಸಡಿಲವಾದರೆ ಎಳೆತವು ತಡವಾಗಿ ಮುಟ್ಟುತ್ತದೆ, ದೇಹ ತೂಗಾಡುತ್ತದೆ. ಆದುದರಿಂದ ಗೋಡೆಗೆ ಒರಗದೆ ನಿಲ್ಲಬೇಕೆಂಬ ನಿಯಮವು, ಅದರ ಉದ್ದೇಶ ಏನೇ ಇರಲಿ, ಜಂಘೆಯ ಒಂದು ದೈನಂದಿನ ಪರೀಕ್ಷೆಯೂ ಆಗಿತ್ತು. ಅಲ್ಲದೆ ಮಳೆಗಾಲದ ನಾಲ್ಕು ತಿಂಗಳನ್ನು ಬಿಟ್ಟು ಒಂದೆಡೆ ನೆಲಸದೆ ಬರಿಗಾಲಿನಲ್ಲಿ ಸಂಚರಿಸಬೇಕಾದ ಮುನಿಗೆ ಜಂಘೆಯ ಕೆಲಸವು ಎಂದೂ ತಪ್ಪುತ್ತಿರಲಿಲ್ಲ. ವಿಹಾರದ ನಿಯಮವು ಅಪರಿಗ್ರಹಕ್ಕಾಗಿ ಹುಟ್ಟಿದುದೇ ಹೊರತು ಆರೋಗ್ಯಕ್ಕಾಗಿ ಅಲ್ಲ. ಆದರೂ ಅದರ ಪರಿಣಾಮವಾಗಿ, ಮುನಿಯ ಕಾಲು ಸೋತಾಗ ಅದು ಕೂತು ಕೆಟ್ಟ ಕಾಲಾಗಿರದೆ ನಡೆದು ಸವೆದ ಕಾಲಾಗಿರುತ್ತಿತ್ತು. ಈ ಭೇದವನ್ನು ಶಾಸ್ತ್ರವು ಹೇಳಲಿಲ್ಲ. ಅದರ ಆಚರಣೆಯಲ್ಲಿ ಅದು ಅಡಗಿತ್ತು.

ಶಾಸನಗಳು ಏನು ಹೇಳುತ್ತವೆ? ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ ೧೪೪, ಆರ್. ನರಸಿಂಹಾಚಾರ್ ಅವರ ೧೯೨೩ರ ಪರಿಷ್ಕರಣದಲ್ಲಿ ೫೦೦. ೧೯೭೩ರ ಪರಿಷ್ಕರಣದಲ್ಲಿ ೫೭೩. ಇವುಗಳಲ್ಲಿ ಚಂದ್ರಗಿರಿಯ ಬಂಡೆಗಳ ಮೇಲಿನ ಏಳು ಎಂಟನೆಯ ಶತಮಾನದ ಅನೇಕ ಲೇಖಗಳು ಸನ್ಯಸನ ಮರಣವನ್ನು ದಾಖಲಿಸುವಂಥವು. ಭದ್ರಬಾಹುವಿನ ಪರಂಪರೆಯನ್ನೂ ಪ್ರಭಾಚಂದ್ರನನ್ನೂ ಹೆಸರಿಸುವ ಸುಮಾರು ೬೦೦ರ ಶಾಸನವು ಅವುಗಳಲ್ಲೆಲ್ಲ ಹಳೆಯದು. ಡಾ. ಷ. ಶೆಟ್ಟರ್ ಅವರು ಈ ವಿಷಯವಾಗಿ ‘ಸಾವಿಗೆ ಆಹ್ವಾನ’ ಮತ್ತು ‘ಸಾವನ್ನು ಅರಸಿ’ ಎಂಬ ಗ್ರಂಥಗಳಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ಈ ಶಾಸನಗಳಲ್ಲಿ ಬಹುಪಾಲು ಮೃತರ ಹೆಸರು, ಗುರು, ಗಣ, ವ್ರತ, ಸದ್ಗತಿ ಇಷ್ಟನ್ನೇ ಹೇಳುತ್ತವೆ; ವಯಸ್ಸನ್ನಾಗಲಿ ದೇಹಸ್ಥಿತಿಯನ್ನಾಗಲಿ ಹೇಳುವುದಿಲ್ಲ. ನಂದಿಸೇನ ಮುನಿಯ ಪ್ರಸಿದ್ಧ ಶಾಸನವು ಕಾರಣವನ್ನು ಕೊಡುವುದಾದರೂ, ಅದು ಕಾಮನಬಿಲ್ಲು ಮಿಂಚುಗಳಂತೆ ರೂಪ ಸಂಪತ್ತುಗಳು ನಿಲ್ಲವೆಂಬ ವೈರಾಗ್ಯದ ಕಾರಣ. ಶಾಸ್ತ್ರವು ಕಾಲಿನ ಮಾತನ್ನು ಹೇಳಿದರೆ ಶಾಸನವು ಕೀರ್ತಿಯ ಮಾತನ್ನು ಹೇಳುತ್ತದೆ. ಶಾಸ್ತ್ರದಲ್ಲಿರುವ ಜಂಘಾಬಲಹಾನಿಯನ್ನು ಶಾಸನದ ವ್ಯಕ್ತಿಗಳಿಗೆ ಆರೋಪಿಸಿ, ಇವರೆಲ್ಲರೂ ನಡೆಯಲಾರದ ಮುದುಕರಾಗಿದ್ದರೆಂದು ಊಹಿಸುವುದಕ್ಕೆ ಆಧಾರವಿಲ್ಲ. ವ್ರತವನ್ನು ದೇಹದೌರ್ಬಲ್ಯಕ್ಕೆ ಇಳಿಸಿ ವಿವರಿಸುವುದೂ ಸಾಧುವಲ್ಲ.

೫

ಈಗ ವಿಜ್ಞಾನದ ಕಡೆಗೆ ತಿರುಗೋಣ. ಸ್ನಾಯುರಜ್ಜುವಿನ ಒಣತೂಕದ ಬಹುಭಾಗ ಕೊಲಾಜೆನ್ ಎಂಬ ಪ್ರೋಟೀನು. ಅದರ ರಚನೆಯನ್ನು ಬಿಡಿಸಿದ ಕೀರ್ತಿಯಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕ್ಷ-ಕಿರಣಗಳ ನೆರವಿನಿಂದ ಕೆಲಸ ಮಾಡಿ, ಕೊಲಾಜೆನ್ ಮೂರು ಎಳೆಗಳ ಹುರಿಯೆಂಬುದನ್ನು ೧೯೫೪ರಲ್ಲಿ ಪ್ರಕಟಿಸಿದರು. ೧೯೫೫ರಲ್ಲಿ ಆ ಮಾದರಿಯನ್ನು ತಿದ್ದಿ ಇನ್ನಷ್ಟು ಖಚಿತಗೊಳಿಸಿದರು. ೧೯೭೦ರ ದಶಕದ ಆರಂಭದಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದು ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಮೂರೆಳೆಯ ಇಂಥ ಹುರಿಗಳು ಸೇರಿ ತಂತು, ತಂತುಗಳು ಸೇರಿ ಎಳೆ, ಎಳೆಗಳು ಸೇರಿ ಕಟ್ಟು, ಕಟ್ಟುಗಳು ಸೇರಿ ರಜ್ಜು. ಹಗ್ಗದೊಳಗೆ ಹಗ್ಗವೆಂಬ ಈ ಕ್ರಮವನ್ನು ನೆನೆದರೆ ಸುಶ್ರುತನ ದೋಣಿಯ ಕಟ್ಟುಗಳು ಕಣ್ಣೆದುರು ಬರುತ್ತವೆ.

ವಯಸ್ಸಾದಂತೆ ಈ ಹಗ್ಗಕ್ಕೆ ಏನಾಗುತ್ತದೆ? ಅದನ್ನು ನೇಯುವ ಕಣಗಳ ಸಂಖ್ಯೆಯೂ ಚಟುವಟಿಕೆಯೂ ತಗ್ಗುತ್ತವೆ. ನೀರಿನ ಅಂಶ ಇಳಿಯುತ್ತದೆ. ರಕ್ತದಲ್ಲಿರುವ ಸಕ್ಕರೆಯು ಕೊಲಾಜೆನ್ನಿಗೆ ಅಂಟಿ, ಎಳೆಗಳ ನಡುವೆ ಬೇಡದ ಅಡ್ಡಕಟ್ಟುಗಳನ್ನು ಹಾಕುತ್ತ ಹೋಗುತ್ತದೆ. ಮಧುಮೇಹವಿದ್ದವರಲ್ಲಿ ಇದು ಇನ್ನೂ ಹೆಚ್ಚು. ಇದರಿಂದ ಎಳೆಗಳು ಒಂದರ ಮೇಲೊಂದು ಜಾರುವ ಗುಣವನ್ನು ಕಳೆದುಕೊಂಡು, ರಜ್ಜುವು ಪೆಟ್ಟಿಗೆ ಬೇಗನೆ ಈಡಾಗುತ್ತದೆ, ನಿಧಾನವಾಗಿ ಮಾಯುತ್ತದೆ. ಜೀವಂತ ಮನುಷ್ಯರಲ್ಲಿ ಅಳೆದಾಗ ವೃದ್ಧರ ರಜ್ಜು ತರುಣರದಕ್ಕಿಂತ ಸಡಿಲವಾಗಿ ಕಂಡುದೇ ಹೆಚ್ಚು. ಆದರೆ ಎಲ್ಲ ಮಾಪನಗಳೂ ಒಂದೇ ತೀರ್ಮಾನಕ್ಕೆ ಬಂದಿಲ್ಲವೆಂಬುದನ್ನು ಹೇಳದೆ ಬಿಡಬಾರದು.

ಇತಿಹಾಸಕಾರನ ಗಮನವನ್ನು ವಿಶೇಷವಾಗಿ ಸೆಳೆಯತಕ್ಕ ಸಂಶೋಧನೆಯೊಂದು ೨೦೧೩ರಲ್ಲಿ ಡೆನ್ಮಾರ್ಕಿನಿಂದ ಬಂದಿತು. ೧೯೫೫ರಿಂದ ೧೯೬೩ರವರೆಗೆ ನಡೆದ ಪರಮಾಣು ಬಾಂಬುಗಳ ಪರೀಕ್ಷೆಯಿಂದ ವಾಯುಮಂಡಲದಲ್ಲಿ ಇಂಗಾಲ-೧೪ ವಿಪರೀತವಾಗಿ ಹೆಚ್ಚಿ, ಅನಂತರ ವರ್ಷೇ ವರ್ಷೇ ಇಳಿಯಿತು. ಆ ಕಾಲದ ಗಾಳಿಯ ಗುರುತು ಆಹಾರದ ಮೂಲಕ ದೇಹವನ್ನು ಹೊಕ್ಕಿತು. ಪುರಾತತ್ತ್ವಜ್ಞರು ಇದ್ದಿಲಿನ ಕಾಲವನ್ನು ನಿರ್ಣಯಿಸುವಂತೆ ಈ ವಿಜ್ಞಾನಿಗಳು ಹಿಮ್ಮಡಿಯ ರಜ್ಜುವಿನ ಕಾಲವನ್ನು ನಿರ್ಣಯಿಸಿದರು. ರಜ್ಜುವಿನ ತಿರುಳು ಮನುಷ್ಯನು ಎತ್ತರ ಬೆಳೆಯುವ ಮೊದಲ ಹದಿನೇಳು ವರ್ಷಗಳಲ್ಲಿ ರಚಿತವಾಗಿ, ಬಳಿಕ ಹೆಚ್ಚು ಕಡಮೆ ನವೀಕರಣಗೊಳ್ಳುವುದೇ ಇಲ್ಲವೆಂದು ಕಂಡುಬಂದಿತು. ಮಾಂಸಖಂಡವು ನಿತ್ಯವೂ ಅಳಿಸಿ ಬರೆಯುವ ಕಡತವಾದರೆ ಸ್ನಾಯುರಜ್ಜುವಿನ ತಿರುಳು ಒಮ್ಮೆ ಕಂಡರಿಸಿದ ಕಲ್ಬರೆಹ.

ಹಾಗಾದರೆ ಮುಪ್ಪಿನಲ್ಲಿ ಮಾಡತಕ್ಕದ್ದೇನೂ ಇಲ್ಲವೆ? ಇಲ್ಲಿಯೇ ನಿಶ್ಚಲತೆಯ ಪ್ರಶ್ನೆ ಬೇರೆಯಾಗುವುದು. ೨೦೦೫ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಾದ ಗಂಡಸರು ೯೦ ದಿನ ಹಾಸಿಗೆಯಿಂದ ಏಳದೆ ಮಲಗಿದ್ದರು. ಅವರು ವೃದ್ಧರಲ್ಲ, ರೋಗಿಗಳಲ್ಲ. ಆದರೂ ಅವರ ಮೀನಖಂಡದ ರಜ್ಜುವಿನ ಬಿಗಿಯಲ್ಲಿ ನೂರಕ್ಕೆ ೫೮ರಷ್ಟು ನಷ್ಟವಾಯಿತು. ಮಲಗಿದ್ದಾಗಲೇ ಆಗಾಗ ಕಾಲಿಗೆ ವ್ಯಾಯಾಮ ಕೊಟ್ಟವರಲ್ಲಿ ಆ ನಷ್ಟವು ೩೭ರಷ್ಟಕ್ಕೆ ನಿಂತಿತು. ಮುಪ್ಪಿನದೆಂದು ನಾವು ತಿಳಿಯುವ ಸಡಿಲವು ಮೂರೇ ತಿಂಗಳ ನಿಶ್ಚಲತೆಯಿಂದ ಬರಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

ಇದರ ಮರುಮುಖವೂ ದೊರೆತಿದೆ. ಇಂಗ್ಲೆಂಡಿನಲ್ಲಿ ನಡೆದು ೨೦೦೩ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸರಾಸರಿ ೭೪ ವರ್ಷದ ವೃದ್ಧರು ಹದಿನಾಲ್ಕು ವಾರ ಕಾಲಿಗೆ ಕ್ರಮವಾಗಿ ಭಾರದ ವ್ಯಾಯಾಮವನ್ನು ಕೊಟ್ಟರು. ಅವರ ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ಬಿಗಿ ನೂರಕ್ಕೆ ೬೫ರಷ್ಟು ಹೆಚ್ಚಿತು. ತಿರುಳಿನ ಬರೆಹ ಹಳೆಯದೇ ಆದರೂ ಆ ರಜ್ಜುವಿನ ಒಟ್ಟು ಗುಣವು ಎಪ್ಪತ್ತು ದಾಟಿದ ಮೇಲೂ ಕೆಲಸಕ್ಕೆ ಓಗೊಡುತ್ತದೆ. ವಯಸ್ಸಿನಿಂದ ಆದ ನಷ್ಟವನ್ನೆಲ್ಲ ಹಿಂದಕ್ಕೆ ತರಲಾಗದು. ನಿಶ್ಚಲತೆಯಿಂದ ಆದ ನಷ್ಟದಲ್ಲಿ ಬಹುಭಾಗವನ್ನು ತರಬಹುದು. ಸಂಹನನವೂ ಜಂಘಾಬಲವೂ ಹೇಳದೆ ಬಿಟ್ಟಿದ್ದ ಮಾತು ಇದು.

೬

ಈ ಬೆಳಕಿನಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳನ್ನು ನೋಡುವುದು ಉಚಿತ. ಇಲ್ಲಿಯ ಬೇಸಾಯವು ಎರಡು ತಲೆಮಾರಿನ ಹಿಂದೆ ಕಾಲಿನ ಬೇಸಾಯವಾಗಿತ್ತು. ಅರಕಲಗೂಡು ತಾಲ್ಲೂಕಿನ ಕಾವೇರಿಯ ದಡದಲ್ಲಿ, ಹೊಳೆನರಸೀಪುರದ ಹೇಮಾವತಿಯ ದಡದಲ್ಲಿ ನಾಲೆಯ ಕೆಳಗಿ‌ನ ಗದ್ದೆಗಳಲ್ಲಿ ಕೆಸರು ತುಳಿಯುವುದು, ನಾಟಿ ಹಾಕುವುದು. ಚನ್ನರಾಯಪಟ್ಟಣದ ಬೆದ್ದಲಿನಲ್ಲಿ ರಾಗಿಯ ಹೊಲ ಉಳುವುದು, ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವುದು, ಕಣದಲ್ಲಿ ಎತ್ತುಗಳ ಹಿಂದೆ ಸುತ್ತುವುದು. ಮೈಸೂರು ಸೀಮೆಯಲ್ಲಿ ವಾಡಿಕೆಯಲ್ಲಿದ್ದ ಏತವನ್ನು ತುಳಿಯುವುದಂತೂ ಜಂಘೆಯದೇ ಕೆಲಸ. ಮನೆಯೊಳಗೆ ಬೀಸುವ ಕಲ್ಲು, ಒನಕೆ, ನೆಲದ ಮೇಲೆ ಕುಳಿತು ಏಳುವ ಊಟ. ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟು ಮುಗಿದುದು ೧೯೭೯ರಲ್ಲಿ. ವಿದ್ಯುತ್ ಪಂಪು, ಹಿಟ್ಟಿನ ಗಿರಣಿ, ಟ್ರ್ಯಾಕ್ಟರು, ಊರೂರಿಗೆ ಬಸ್ಸು, ೨೦೧೭ರಲ್ಲಿ ಶ್ರವಣಬೆಳಗೊಳದ ಮೇಲೆ ಹಾಸನವನ್ನು ಬೆಂಗಳೂರಿಗೆ ಕೂಡಿಸಿದ ರೈಲು ಇವೆಲ್ಲವೂ ಜನರ ಬೆನ್ನಿನ ಭಾರವನ್ನು ಇಳಿಸಿದುವು. ಇದನ್ನು ಕೇಡೆಂದು ಹೇಳುವುದು ಕೃತಘ್ನತೆ. ಆ ದುಡಿಮೆಯು ಅನೇಕರ ಮೈಯನ್ನು ಅಕಾಲದಲ್ಲಿ ಸವೆಸಿದುದೂ ನಿಜ.

ಆದರೆ ಒಂದು ಸಂಗತಿಯನ್ನು ಲಕ್ಷಿಸಬೇಕು. ಇಂದು ಎಂಬತ್ತನ್ನು ಸಮೀಪಿಸಿದ ಅಥವಾ ದಾಟಿದ ಅಜ್ಜ ಅಜ್ಜಿಯರ ಹಿಮ್ಮಡಿಯ ರಜ್ಜುವಿನ ತಿರುಳು ಅಣೆಕಟ್ಟಿಗೆ ಮುಂಚಿನ ಆ ಗದ್ದೆ ಬಯಲುಗಳಲ್ಲಿ ರಚಿತವಾದುದು. ಬಿಸಿಲಲ್ಲಿ ನಡೆದ, ಕೆಸರಲ್ಲಿ ಎಳೆದ, ತಲೆಯ ಮೇಲೆ ಕೊಡ ಹೊತ್ತ ಬಾಲ್ಯದ ದಾಖಲೆ ಅವರ ಕಾಲಿನಲ್ಲಿಯೇ ಇದೆ. ಅಂಥವರನ್ನು ಮಕ್ಕಳು ಪ್ರೀತಿಯಿಂದ ಕುರ್ಚಿಯಲ್ಲಿ ಕೂರಿಸುತ್ತಾರೆ. ಇಷ್ಟು ದಿನ ದುಡಿದದ್ದು ಸಾಕು, ಇನ್ನು ಕೂತು ಉಣ್ಣಲಿ ಎಂಬುದು ಮಗನ ಮಾತಿನಲ್ಲಿ ಗೌರವವೇ. ಕೆಲವು ತಿಂಗಳಲ್ಲಿ ಅಜ್ಜಿ ಗೋಡೆ ಹಿಡಿದು ನಡೆಯುತ್ತಾಳೆ. ಆಮೇಲೆ ಏಳುವಾಗ ಕೈ ಕೊಡಬೇಕಾಗುತ್ತದೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ಅವರು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತಿರುವ ನಷ್ಟದಲ್ಲಿ ಎಷ್ಟು ಭಾಗ ಕುರ್ಚಿಯದು ಎಂಬುದನ್ನು ಯಾರೂ ಕೇಳುವುದಿಲ್ಲ. ಬಿದ್ದು ಸೊಂಟ ಮುರಿದ ಬಳಿಕ ಕೇಳಿದರೆ ತಡವಾಗಿರುತ್ತದೆ.

ವಿಂಧ್ಯಗಿರಿಯ ಬಂಡೆಯಲ್ಲಿ ಕಡೆದ ಮೆಟ್ಟಿಲುಗಳು ಆರುನೂರಕ್ಕೂ ಮಿಕ್ಕಿವೆ. ಹತ್ತಲಾರದವರನ್ನು ಡೋಲಿಯಲ್ಲಿ ಹೊರುವವರು ಅಲ್ಲಿದ್ದಾರೆ. ಅಲ್ಲಿ ಕೆಲಹೊತ್ತು ಕುಳಿತು ನೋಡಿದರೆ, ಡೋಲಿಯಲ್ಲಿ ಕುಳಿತವರು ಎಲ್ಲರೂ ವೃದ್ಧರಲ್ಲ, ಮೆಟ್ಟಿಲು ಹತ್ತುತ್ತಿರುವವರು ಎಲ್ಲರೂ ತರುಣರಲ್ಲ ಎಂಬುದು ತಿಳಿಯುತ್ತದೆ. ವರ್ಷಗಳ ಲೆಕ್ಕಕ್ಕಿಂತ ಜಂಘೆಯ ಲೆಕ್ಕವು ಹೆಚ್ಚು ನಂಬತಕ್ಕದ್ದೆಂದು ಭಾವಿಸಿದ ಹಿಂದಿನವರು ತಪ್ಪಿರಲಿಲ್ಲ.

ಇಷ್ಟರಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು, ಹಳೆಯ ಗ್ರಂಥಗಳಲ್ಲಿ ಬರುವ ಸ್ನಾಯುವನ್ನು ಇಂದಿನ ಮಾಂಸಖಂಡವೆಂದು ಓದಬಾರದು. ಕಂಡರ, ಪೇಶಿ, ಸ್ನಾಯುಗಳ ಭೇದವನ್ನು ನಮ್ಮ ಅನುವಾದಕರೂ ನಿಘಂಟುಕಾರರೂ ಉಳಿಸಿಕೊಳ್ಳಬೇಕು. ಎರಡನೆಯದು, ಸಂಹನನ ಮತ್ತು ಜಂಘಾಬಲಗಳು ಒಂದೇ ಅಲ್ಲ. ಒಂದು ಹುಟ್ಟಿನ ಕಟ್ಟು, ಇನ್ನೊಂದು ನಡೆಯುವ ಶಕ್ತಿ. ಮೂರನೆಯದು, ಮುಪ್ಪು ಮತ್ತು ನಿಶ್ಚಲತೆ ಒಂದೇ ರಜ್ಜುವಿನ ಮೇಲೆ ಕೆಲಸ ಮಾಡುವ ಎರಡು ಬೇರೆ ಕಾರಣಗಳು. ನಮ್ಮ ಆಕರಗಳು ಅವೆರಡನ್ನು ಬೇರೆ ಮಾಡಿ ಹೇಳಲಿಲ್ಲ. ಕೊನೆಯವರೆಗೂ ನಡೆಯುತ್ತಿದ್ದ ಸಂಘದಲ್ಲಿ ಹಾಗೆ ಹೇಳಬೇಕಾದ ಅಗತ್ಯವೂ ಕಡಮೆಯಾಗಿತ್ತು. ಕುಳಿತು ಬಾಳುವ ನಮ್ಮ ಕಾಲಕ್ಕೆ ಆ ಅಗತ್ಯವಿದೆ. ಹಿರಿಯರು ಎದ್ದು ನಿಲ್ಲಲು ಕೈ ಕೊಡುವುದು ಒಳ್ಳೆಯದೇ; ಅದಕ್ಕಿಂತ ಮುಂಚೆ, ಅವರು ದಿನಕ್ಕೆ ನಾಲ್ಕು ಸಲವಾದರೂ ತಾವೇ ಎದ್ದು ಹಿತ್ತಿಲವರೆಗೆ ಹೋಗಿಬರುವಂತೆ ದಾರಿಯನ್ನು ಬಿಡುವುದು ಇನ್ನೂ ಒಳ್ಳೆಯದು.